ಗಂಧರಾಜ: ಮೊಗ್ಗು ಉದುರುತ್ತೆ, ಚಿಗುರು ಹಳದಿ. ಹಾಸನ, ಚಿಕ್ಕಮಗಳೂರು ಕಡೆ ಬೆಳೆಸಿದವರು ಹೇಳಿ

ಅಂಗಳದ ಗಿಡ, ಹಾಸನ

ಎರಡು ಗಂಧರಾಜ ಗಿಡ ಇವೆ, ಗಾರ್ಡೇನಿಯಾ ಅಂತಾರಲ್ಲ ಅದೇ. ಒಂದು ಕಾಂಪೌಂಡ್ ಗೋಡೆ ಪಕ್ಕ ನೆಲದಲ್ಲಿ, ಇನ್ನೊಂದು ತಾರಸಿ ಮೇಲೆ 12 ಇಂಚಿನ ಸಿಮೆಂಟ್ ಕುಂಡದಲ್ಲಿ. ನರ್ಸರಿಯಲ್ಲಿ "ಇದು ಹಾರ್ಡಿ, ಏನೂ ಆಗಲ್ಲ" ಅಂತ ಕೊಟ್ಟರು. ಈಗ ಮಾರ್ಚ್. ಮೊಗ್ಗು ಬಟಾಣಿ ಗಾತ್ರಕ್ಕೆ ಬಂದು ತೊಟ್ಟಿನ ಹತ್ತಿರ ಕಪ್ಪಾಗಿ ಉದುರ್ತಿದೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ನೀರು ಬೋರ್‌ವೆಲ್‌ದು, ಬಕೆಟ್ ಒಣಗಿದರೆ ಬಿಳಿ ಕಲೆ ಉಳಿಯುತ್ತೆ. ಗೊಬ್ಬರ ಅಂತ ಎರಡು ಹಿಡಿ ಮೂಳೆಪುಡಿ, ಆಗಾಗ ಬಚ್ಚಲ ಒಲೆ ಬೂದಿ. ಯಾರೋ ಹೇಳಿದರು ಅಂತ ಬಕೆಟ್‌ಗೆ ಒಂದು ಚಮಚ ವಿನೆಗರ್ ಕೂಡ ಹಾಕ್ತಿದ್ದೀನಿ. ಎಲ್ಲಿ ತಪ್ಪಿದೆ?

ಕಸಿಕತ್ತಿ, ಬೇಲೂರು

ಮೊದಲು ಗಿಡ ಗಂಧರಾಜವೇ ಅಂತ ಖಾತ್ರಿ ಮಾಡಿಕೊಳ್ಳಿ ಮೇಡಂ. ಒತ್ತು ಎಸಳಿನ ನಂದಿಬಟ್ಟಲನ್ನೂ ಇದೇ ಹೆಸರಲ್ಲಿ ಮಾರ್ತಾರೆ. ಒಂದು ಎಲೆ ಕಿತ್ತು ನೋಡಿ. ಹಾಲು ಬಂದರೆ ನಂದಿಬಟ್ಟಲು, ಗಂಧರಾಜದಲ್ಲಿ ಹಾಲಿಲ್ಲ. ಇನ್ನೊಂದು ಗುರುತು ಗೆಣ್ಣಿನಲ್ಲಿ. ಎದುರುಬದುರು ಎಲೆಗಳ ನಡುವೆ ಕಾಂಡಕ್ಕೆ ಅಂಟಿಕೊಂಡ ಸಣ್ಣ ಪೊರೆ ಇರುತ್ತೆ, ಎಳೆ ಚಿಗುರು ಅದರೊಳಗಿಂದ ನುಗ್ಗಿ ಬರುತ್ತೆ. ಕಾಫಿ ಗಿಡದ ಗೆಣ್ಣು ನೋಡಿದ್ದರೆ ಅದೇ ಥರ, ಎರಡೂ ಒಂದೇ ಕುಟುಂಬ. ಮೊಗ್ಗು ಮಡಚಿದ ಕೊಡೆ ಥರ ತಿರುಚಿಕೊಂಡಿರುತ್ತೆ. ಸುಗಂಧರಾಜ ಅಂದರೆ ಗೆಡ್ಡೆಯಿಂದ ಉದ್ದ ಕಡ್ಡಿ ಬಂದು ಹೂ ಬಿಡೋದು, ಅದು ಬೇರೆಯೇ. ಕೊಂಕಣಿಯವರು ಅನಂತ ಅಂತಾರಲ್ಲ, ಅದು ಮಾತ್ರ ಇದೇ ಗಿಡ.

"ಹಾರ್ಡಿ" ಅನ್ನೋ ಚೀಟಿ ನಂಬಿ ಕೂರಬೇಡಿ. ಕ್ಲೈಮ್ಸ್ ಹಾರ್ಡಿ, ಫ್ರಾಸ್ಟ್ ಪ್ರೂಫ್ ಅಂತ ಬರೋ ತಳಿಗಳು ಹಿಮ ಬೀಳೋ ದೇಶಕ್ಕೆ ಗಟ್ಟಿ. ನಮ್ಮಲ್ಲಿ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 12–15 ಡಿಗ್ರಿ, ಚಳಿಗೆ ಇಲ್ಲಿ ಯಾವ ಗಂಧರಾಜವೂ ಸಾಯಲ್ಲ. ಸಾಯೋದು ಜುಲೈನ ಜೌಗಿಗೆ, ಇಲ್ಲಾ ಏಪ್ರಿಲ್‌ನ ಸುಣ್ಣದ ನೀರಿಗೆ. ಆ ಚೀಟಿಯಲ್ಲಿ ಈ ಎರಡರ ಮಾತೇ ಇರಲ್ಲ.

ಪಿಎಚ್ ಪಾಪಣ್ಣ, ಚಿಕ್ಕಮಗಳೂರು

ಅಕ್ಕಾ, ನೀವು ಬರೆದಿರೋ ಪಟ್ಟಿಯಲ್ಲಿ ವಿನೆಗರ್ ಬಿಟ್ಟು ಎಲ್ಲವೂ ಸುಣ್ಣವೇ. ಮೂಳೆಪುಡಿಯಲ್ಲಿ ಕ್ಯಾಲ್ಸಿಯಂ, ಬೂದಿ ಕ್ಷಾರ, ಸಿಮೆಂಟ್ ಕುಂಡದಿಂದ ಸುಣ್ಣ ಬಿಡುತ್ತೆ, ಕಾಂಪೌಂಡ್ ಗೋಡೆಯ ಬುಡದಲ್ಲಿ ಗಾರೆ ಚೂರು, ನೀರಲ್ಲಿ ಬೈಕಾರ್ಬನೇಟ್. ಈ ಗಿಡಕ್ಕೆ ಬೇಕಿರೋದು ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, 5ರಿಂದ 6. 7 ಅಂದರೆ ತಟಸ್ಥ, ಕಡಿಮೆಯಾದಷ್ಟೂ ಹುಳಿ. ಮಣ್ಣು 7 ದಾಟಿದರೆ ಕಬ್ಬಿಣ ಇದ್ದರೂ ಬೇರಿಗೆ ಸಿಗದ ರೂಪಕ್ಕೆ ಹೋಗುತ್ತೆ. ಚಿಗುರು ಹಳದಿ, ನರ ಹಸಿರು ಅಂದರೆ ಅದೇ.

ಆದರೆ ಹಳದಿ ಕಂಡ ಕೂಡಲೇ ಕಬ್ಬಿಣ ಸುರಿಯೋದೂ ತಪ್ಪು. ಯಾವ ಎಲೆ ಅಂತ ನೋಡಬೇಕು. ತುದಿಯ ಎಳೆ ಎಲೆ ಹಳದಿಯಾಗಿ ನರ ಹಸಿರಿದ್ದರೆ ಕಬ್ಬಿಣ. ಕೆಳಗಿನ ಬಲಿತ ಎಲೆಯಲ್ಲಿ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ, ಅದಕ್ಕೆ ಎಪ್ಸಮ್ ಲವಣ ಲೀಟರ್‌ಗೆ 5 ಗ್ರಾಂ ಕರಗಿಸಿ ತಿಂಗಳಿಗೊಮ್ಮೆ ಎರಚಿದರೆ ಸಾಕು. ಕೆಳಗಿನ ಎಲೆ ನರ ಸಮೇತ ಪೂರ್ತಿ ಹಳದಿಯಾಗಿ ನಾಲ್ಕೈದು ಉದುರಿದರೆ ಹಳೇ ಎಲೆ ಬಿಡ್ತಿದೆ ಅಷ್ಟೇ, ಚಿಗುರೋ ಕಾಲದಲ್ಲಿ ಅದು ಸಹಜ. ಮಣ್ಣು ಒದ್ದೆ ಇದ್ದೂ ಗಿಡ ಬಾಡಿ ಹಳದಿಯಾದರೆ ಬೇರು ಕೊಳೀತಿದೆ. ಆಗ ಯಾವ ಗೊಬ್ಬರವೂ ಬೇಡ, ನೀರೂ ಬೇಡ. ಜನವರಿಯಲ್ಲಿ ಮಾತ್ರ ಹಳದಿಯಾಗಿ ಫೆಬ್ರವರಿ ಕೊನೆಗೆ ತಾನೇ ಸರಿಹೋದರೆ ಅದು ಮಣ್ಣಿನ ತಣುವಿಂದ. ಬೇರು ತಣ್ಣಗಿದ್ದಾಗ ಕಬ್ಬಿಣ ಎಳೆದುಕೊಳ್ಳೋದು ಕಡಿಮೆ.

ವಿನೆಗರ್ ಲೆಕ್ಕ ಹೇಳ್ತೀನಿ. ಗಡಸು ಬೋರ್‌ವೆಲ್ ನೀರಿನ ಕ್ಷಾರತ್ವ ಲೀಟರ್‌ಗೆ 300 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಅದನ್ನ ಮುರಿಯೋಕೆ 15 ಲೀಟರ್ ಬಕೆಟ್‌ಗೆ ಅಡುಗೆ ವಿನೆಗರ್ ಸುಮಾರು 100 ಮಿ.ಲೀ. ಬೇಕು. ನೀವು ಹಾಕ್ತಿರೋ ಚಮಚ 5 ಮಿ.ಲೀ. ದೇವರಿಗೆ ತೀರ್ಥ ಬಿಟ್ಟ ಹಾಗೆ. ಅದರ ಬದಲು ದಿನಸಿ ಅಂಗಡಿಯ ನಿಂಬೆ ಉಪ್ಪು, ಸಿಟ್ರಿಕ್ ಆಮ್ಲ, ಬಕೆಟ್‌ಗೆ ಒಂದು ಚಮಚ ಅಂದರೆ 5 ಗ್ರಾಂ ಹಾಕಿ ಕಲಕಿ, ಹತ್ತು ನಿಮಿಷ ಬಿಟ್ಟು ಪಿಎಚ್ ಪಟ್ಟಿ ಅದ್ದಿ. 6ರ ಆಸುಪಾಸು ಬಂದರೆ ಆ ಅಳತೆ ನಿಮ್ಮ ನೀರಿಗೆ ಸರಿ. 4ಕ್ಕೆ ಇಳಿದರೆ ಅರ್ಧ ಮಾಡಿ. ಇದು ತಾತ್ಕಾಲಿಕ ಅನ್ನೋದು ನೆನಪಿರಲಿ, ಮಣ್ಣಿನ ಸೂಕ್ಷ್ಮಜೀವಿಗಳು ಈ ಆಮ್ಲವನ್ನ ತಿಂದು ಮುಗಿಸ್ತಾವೆ.

ಬಯಲುಸೀಮೆ ಹೂ, ಅರಸೀಕೆರೆ

ಪಾಪಣ್ಣ ಹೇಳಿದ್ದು ಸರಿ, ಆದರೆ ಪ್ರತಿ ಬಕೆಟ್‌ಗೂ ಆಮ್ಲ ಅಳೀತಾ ಕೂರೋದಕ್ಕಿಂತ ಮಳೆನೀರು ಹಿಡಿದಿಡೋದು ಸುಲಭ. 10 ಅಡಿ ಉದ್ದ 10 ಅಡಿ ಅಗಲದ ಹೆಂಚಿನ ಮಾಡು ಇದ್ದರೆ 25 ಮಿ.ಮೀ. ಮಳೆಗೆ ಸೋರಿಹೋಗಿದ್ದು ಕಳೆದು 200 ಲೀಟರ್ ಡ್ರಮ್ ತುಂಬುತ್ತೆ. ಬೇಸಿಗೆಯಲ್ಲಿ 12 ಇಂಚಿನ ಕುಂಡ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಕುಡಿಯುತ್ತೆ. ಅಂದರೆ ಒಂದು ಡ್ರಮ್ ಒಂದು ಕುಂಡಕ್ಕೆ ನಾಲ್ಕು ತಿಂಗಳು. ಅಕ್ಟೋಬರ್ ಮಳೆ ಹಿಡಿದಿಟ್ಟರೆ ಫೆಬ್ರವರಿ ದಾಟುತ್ತೆ, ಆಮೇಲೆ ಎರಡು ಸಲ ಬೋರ್ ನೀರು, ಒಂದು ಸಲ ಮಳೆನೀರು ಅಂತ ಮಾಡಿ. ಮೊದಲ ಮಳೆಯ ಧೂಳು ನೀರು ಹೊರಗೆ ಬಿಡಿ. ಡ್ರಮ್ ಬಾಯಿಗೆ ಎರಡು ಪದರ ಪಂಚೆ ಬಟ್ಟೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ.

ನೀರು ಮೆದು ಮಾಡೋ ಉಪ್ಪಿನ ಯಂತ್ರದ ನೀರು ಹಾಕಲೇಬೇಡಿ. ಅದು ಸುಣ್ಣ ತೆಗೆದು ಸೋಡಿಯಂ ಕೊಡುತ್ತೆ, ಇನ್ನೂ ಕೆಟ್ಟದ್ದು. ಕುಡಿಯೋ ನೀರಿನ ಆರ್‌ಒ ಯಂತ್ರದ ಒಳ್ಳೇ ನೀರು ಆಗುತ್ತೆ, ಅದರ ತ್ಯಾಜ್ಯ ನೀರು ಆಗಲ್ಲ. ಎಷ್ಟೋ ಜನ ಉಳಿತಾಯ ಅಂತ ಆ ತ್ಯಾಜ್ಯವನ್ನೇ ಗಿಡಕ್ಕೆ ಬಿಡ್ತಾರೆ.

ಗಿರಿಸಾಲು, ಮೂಡಿಗೆರೆ

ಮಾರಾಯ್ರೆ, ಮೊಗ್ಗಿನ ವಿಷಯಕ್ಕೆ ಬನ್ನಿ. ನಮ್ಮ ಕಡೆ ಎಲ್ಲರೂ ಮಾಡೋ ತಪ್ಪು ಒಂದಿದೆ, ಕಾಫಿ ಬುದ್ಧಿಯನ್ನ ಈ ಗಿಡಕ್ಕೆ ಹಚ್ಚೋದು. ಕಾಫಿ ಮೊಗ್ಗು ಕಟ್ಟಿ ನಿದ್ದೆ ಹೋಗುತ್ತೆ, ಒಣಹವೆ ಬಡಿದಷ್ಟೂ ಒಳ್ಳೇದು. ಆಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಒಂದಿಂಚು ಹೂಮಳೆ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ಗಂಧರಾಜ ಅದೇ ಕುಟುಂಬ, ಆದರೆ ನಡತೆ ಪೂರ್ತಿ ಉಲ್ಟಾ. ಮೊಗ್ಗು ಕಾಣಿಸಿಕೊಂಡ ಮೇಲೆ ಒಂದು ಸಲ ಬೇರು ಒಣಗಿತೋ, ಮೊಗ್ಗಿನ ತೊಟ್ಟಲ್ಲಿ ಬಿರುಕು ಬಿದ್ದ ಹಾಗೆ. ಆ ಹೊತ್ತಿಗೆ ಗೊತ್ತಾಗಲ್ಲ. ನಾಲ್ಕು ದಿನ ಬಿಟ್ಟು ನೀವು ಧಾರಾಳ ನೀರು ಕೊಟ್ಟಾಗ ಉದುರುತ್ತೆ, ನೀರು ಹೆಚ್ಚಾಯ್ತು ಅಂತ ಜನ ಮತ್ತೆ ಒಣಗಿಸ್ತಾರೆ. ಉಳಿದ ಮೊಗ್ಗೂ ಹೋಯ್ತು.

ಫೆಬ್ರವರಿಯಿಂದ ಮೇ ತನಕ ಬೆರಳಿನ ಮೊದಲ ಗೆಣ್ಣಿನಷ್ಟು ಮಣ್ಣು ಒಣಗಿದ ಕೂಡಲೇ ನೀರು. ಬೆಳಗ್ಗೆ ಕೊಡಿ, ಕುಂಡದ ತೂತಿಂದ ಹೊರಬರುವಷ್ಟು ಕೊಡಿ, ತಟ್ಟೆಯಲ್ಲಿ ನಿಂತದ್ದು ಚೆಲ್ಲಿ. ಮೊಗ್ಗಿನ ಮೇಲೆ ನೀರು ಚಿಮುಕಿಸಿದರೆ ತೇವ ಸಿಗುತ್ತೆ ಅನ್ನೋದು ಬರೀ ಭ್ರಮೆ, ಹತ್ತು ನಿಮಿಷಕ್ಕೆ ಆರಿಹೋಗುತ್ತೆ, ಬೂಷ್ಟು ಮಾತ್ರ ಉಳಿಯುತ್ತೆ.

ಪಿಎಚ್ ಪಾಪಣ್ಣ, ಚಿಕ್ಕಮಗಳೂರು

ಇದಕ್ಕೆ ರಾತ್ರಿಯ ಸೆಕೆಯನ್ನೂ ಸೇರಿಸಿ. ಗಂಧರಾಜ ಮೊಗ್ಗು ಕಟ್ಟೋಕೆ ರಾತ್ರಿ 15–18 ಡಿಗ್ರಿ ಇದ್ದರೆ ಖುಷಿ. 21 ದಾಟಿದರೆ ಕಟ್ಟಿದ ಮೊಗ್ಗನ್ನೂ ಉದುರಿಸುತ್ತೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ 950–1,100 ಮೀಟರ್ ಎತ್ತರದಲ್ಲಿವೆ, ನಮ್ಮ ರಾತ್ರಿ ಈ ಗಿಡಕ್ಕೆ ಹೇಳಿ ಮಾಡಿಸಿದ್ದು. ಆದರೆ ಅಕ್ಕ ಕುಂಡ ಇಟ್ಟಿರೋದು ತಾರಸಿ ಮೇಲೆ. ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಒಂಬತ್ತಾದರೂ ಅಂಗೈ ಇಟ್ಟರೆ ಬಿಸಿ. ಕುಂಡ ನೇರ ಅದರ ಮೇಲೆ ಕೂತರೆ ಊರಲ್ಲಿ 19 ಡಿಗ್ರಿ ಇದ್ದರೂ ಗಿಡಕ್ಕೆ ಅಷ್ಟಿಲ್ಲ. ಕೆಳಗಿಳಿಸೋಕೆ ಆಗದಿದ್ದರೆ ನಾಲ್ಕು ಇಟ್ಟಿಗೆ ಮೇಲೆ ಎತ್ತಿಡಿ, ಅಡಿಯಲ್ಲಿ ಗಾಳಿ ಆಡಲಿ.

ಜಾಗ ಅಂದರೆ ಪೂರ್ವ ದಿಕ್ಕು. ಬೆಳಗಿನ ಬಿಸಿಲು ನಾಲ್ಕೈದು ಗಂಟೆ, ಮಧ್ಯಾಹ್ನ ಒಂದರ ಮೇಲೆ ನೆರಳು. ಕಡೂರು, ಅರಸೀಕೆರೆ ಕಡೆ ಪಶ್ಚಿಮದ ಬಿಸಿಲಿಗೆ ಎಲೆ ಅಂಚು ಸುಡುತ್ತೆ.

ಗಿರಿಸಾಲು, ಮೂಡಿಗೆರೆ

ನಮ್ಮ ಕಡೆ ಉಲ್ಟಾ ತೊಂದರೆ. ತೋಟದ ಮನೆಯಲ್ಲಿ ಸಿಲ್ವರ್ ಓಕ್ ಕೆಳಗೆ ನೆಟ್ಟಿರ್ತಾರೆ, ಗಿಡ ಉದ್ದುದ್ದ ಬೆಳೆದು ಎಲೆ ಕಪ್ಪುಹಸಿರು, ಹೂ ಮಾತ್ರ ವರ್ಷಕ್ಕೆ ನಾಲ್ಕು. ನೆರಳು ಕಡಿಸಿ. ಇನ್ನೊಂದು ಮಾತು, ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬೇಡಿ, ತಿರುಗಿಸಲೂ ಬೇಡಿ. ಬದಲಿಸೋದಿದ್ದರೆ ಮಳೆಗಾಲದಲ್ಲೇ.

ಅಂಗಳದ ಗಿಡ, ಹಾಸನ

ಹಾಗಾದರೆ ಸಿಮೆಂಟ್ ಕುಂಡದಿಂದ ತೆಗೀಲೇಬೇಕಾ? ಮಣ್ಣು ಹೇಗೆ ಮಾಡಲಿ? ಅಳತೆ ಸಮೇತ ಹೇಳಿ. ಫಿಲ್ಟರ್ ಕಾಫಿಯ ಗಸಿ ಹಾಕಿದರೆ ಹುಳಿ ಆಗುತ್ತಂತೆ, ಅದು ಮನೇಲಿ ದಿನಾ ಇರುತ್ತೆ.

ಕಸಿಕತ್ತಿ, ಬೇಲೂರು

ತೆಗೀಬೇಕು. ಪ್ಲಾಸ್ಟಿಕ್ ಅಥವಾ ಸುಟ್ಟ ಮಣ್ಣಿನ ಕುಂಡ. ಈಗಿನದ್ದು 12 ಇಂಚು ಇದ್ದರೆ ಹೊಸದು 14, ಅದಕ್ಕಿಂತ ದೊಡ್ಡದು ಬೇಡ. ಬೇರಿಲ್ಲದ ಮಣ್ಣು ಒದ್ದೆಯಾಗೇ ಉಳಿದು ಹುಳಿಯುತ್ತೆ, ಆ ಹುಳಿ ಬೇರೆ.

ಅಳತೆ ಬಾಂಡ್ಲಿ ಲೆಕ್ಕದಲ್ಲಿ: ತೆಂಗಿನ ನಾರಿನ ಪುಡಿ (ಕೊಕೊಪೀಟ್) 2, ಕೆಮ್ಮಣ್ಣು 2, ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ 1, ದಪ್ಪ ಮರಳು 1. 14 ಇಂಚಿನ ಕುಂಡಕ್ಕೆ ಬೇವಿನ ಹಿಂಡಿ 100 ಗ್ರಾಂ. ಕೆಮ್ಮಣ್ಣು ಕಾಫಿ ತೋಟದ್ದಾದರೆ ಇತ್ತೀಚೆಗೆ ಸುಣ್ಣ ಹಾಕಿದ ಪಟ್ಟೆಯಿಂದ ತರಬೇಡಿ. ಕಾಫಿಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಸುಣ್ಣವೋ ಡೋಲೋಮೈಟೋ ಹಾಕೋದು ವಾಡಿಕೆ, ಆ ಮಣ್ಣು ಇದಕ್ಕೆ ಆಗಿಬರಲ್ಲ. ನಾರಿನ ಪುಡಿ ಇಟ್ಟಿಗೆಯನ್ನ ರಾತ್ರಿ ನೆನೆಸಿ, ನೀರು ಹಿಂಡಿ ಚೆಲ್ಲಿ, ಇನ್ನೊಂದು ಸಲ ನೆನೆಸಿ ಹಿಂಡಿ. ಅದರಲ್ಲಿ ಉಪ್ಪಿರುತ್ತೆ. ಎಂ-ಸ್ಯಾಂಡ್ ಬಳಸೋದಾದರೆ ಜರಡಿ ಹಿಡಿದು ಹಿಟ್ಟಿನಂಥ ಧೂಳು ತೆಗೀಬೇಕು, ಇಲ್ಲದಿದ್ದರೆ ಆರು ತಿಂಗಳಿಗೆ ಕುಂಡ ಗಾರೆ ಆಗುತ್ತೆ. ಸುಟ್ಟ ಭತ್ತದ ಉಮಿ ಬೇರೆ ಗಿಡಕ್ಕೆ ಒಳ್ಳೇದು, ಇದಕ್ಕೆ ಬೇಡ, ಕ್ಷಾರ.

ಕುಂಡ ಬದಲಿಸೋ ಹಿಂದಿನ ದಿನ ನೀರು ಕೊಡಿ. ಅಡ್ಡ ಮಲಗಿಸಿ ಬದಿ ತಟ್ಟಿ ಹೆಂಟೆ ಸಮೇತ ಜಾರಿಸಿ. ಬೇರು ನೋಡಿ. ಕೆನೆಬಣ್ಣದ್ದು, ಉಗುರಿಂದ ಒತ್ತಿದರೆ ಗಟ್ಟಿ ಇದ್ದರೆ ಜೀವ ಇದೆ. ಕಂದು ಬೇರನ್ನ ಎರಡು ಬೆರಳಲ್ಲಿ ಹಿಡಿದು ಎಳೆದಾಗ ಸಿಪ್ಪೆ ಕಾಲುಚೀಲದ ಥರ ಜಾರಿ ಒಳಗೆ ನೂಲು ಉಳಿದರೆ ಕೊಳೆತಿದೆ, ಅಷ್ಟನ್ನ ಕತ್ತರಿಸಿ. ಸಾಸಿವೆ ಕಾಳಿನಂಥ ಗಂಟು ಸಾಲಾಗಿ ಇದ್ದರೆ ಬೇರುಗಂಟು ಜಂತು. ಆ ಮಣ್ಣನ್ನ ಬೇರೆ ಕುಂಡಕ್ಕೂ ಹಾಕಬೇಡಿ, ಹಿತ್ತಲಿಗೂ ಚೆಲ್ಲಬೇಡಿ. ಸುತ್ತಿಕೊಂಡ ಬೇರನ್ನ ಬೆರಳಲ್ಲಿ ಸಡಿಲಿಸಿದರೆ ಸಾಕು, ಕಿತ್ತು ಬಿಡಿಸೋದು ಬೇಡ. ಹೆಂಟೆಯ ಮೇಲ್ಮೈ ಮೊದಲು ಎಷ್ಟಿತ್ತೋ ಅಷ್ಟೇ, ಬೇಕಾದರೆ ಅರ್ಧ ಇಂಚು ಮೇಲೆ. ಕಾಂಡದ ಬುಡಕ್ಕೆ ಮಣ್ಣು ಏರಿಸಿದರೆ ಅಲ್ಲೇ ಕೊಳೆಯೋದು.

ಪಿಎಚ್ ಪಾಪಣ್ಣ, ಚಿಕ್ಕಮಗಳೂರು

ಕಾಫಿ ಗಸಿ ಬಗ್ಗೆ: ಆಮ್ಲ ಎಲ್ಲ ನೀವು ಕುಡಿದ ಡಿಕಾಕ್ಷನ್‌ಗೇ ಹೋಗಿರುತ್ತೆ. ಗಸಿ ಹೆಚ್ಚೂಕಡಿಮೆ ತಟಸ್ಥ. ಹಸಿ ಗಸಿಯನ್ನ ದಪ್ಪಗೆ ಹಾಸಿದರೆ ಒಣಗಿ ಹಪ್ಪಳದ ಥರ ಗಟ್ಟಿಯಾಗಿ ನೀರು ಇಳಿಯಲ್ಲ. ಗೊಬ್ಬರದ ಗುಂಡಿಗೆ ಹಾಕಿ ಕಳಿಸಿ ಆಮೇಲೆ ಬಳಸಿ. ಚಿಕ್ಕಮಗಳೂರಲ್ಲಿ ಕೂತು ಕಾಫಿ ಗಸಿಗೆ ಶಕ್ತಿ ಇಲ್ಲ ಅಂದರೆ ಬೈಸಿಕೊಳ್ಳೋದು ಗ್ಯಾರಂಟಿ, ಆದರೂ ಹೇಳಿದ್ದೀನಿ.

ಹುಳಿ ಬೇಕಾದರೆ ಗಂಧಕ. ಗೊಬ್ಬರದಂಗಡಿಯಲ್ಲಿ ನೀರಲ್ಲಿ ಕದಡೋ ಗಂಧಕದ ಪುಡಿ ಸಿಗುತ್ತೆ. ಕುಂಡಕ್ಕೆ ಮಟ್ಟಸ ಒಂದು ಚಮಚ, ನೆಲದಲ್ಲಾದರೆ ಚದರ ಮೀಟರ್‌ಗೆ 30–50 ಗ್ರಾಂ, ಮೇಲ್ಮಣ್ಣಲ್ಲಿ ಬೆರೆಸಿ ನೀರು ಕೊಡಿ. ಅದನ್ನ ಆಮ್ಲ ಮಾಡೋದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತೇವ, ಬಿಸುಪು, ಸಮಯ ಬೇಕು. ಎರಡು ಮೂರು ತಿಂಗಳು ಕಾದು ಅಳೆದು ಆಮೇಲೆ ಮತ್ತೆ. ವಾರಕ್ಕೆ ಫಲ ಕಾಣಲಿಲ್ಲ ಅಂತ ಇನ್ನೊಂದು ಚಮಚ ಹಾಕಿದರೆ ಬೇರು ಸುಡುತ್ತೆ.

ಅಲ್ಲಿವರೆಗೆ ಎಲೆಗೆ ಹಸಿರು ಬರಿಸೋಕೆ ಎರಡು ದಾರಿ. ಅಗ್ಗದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್: ಲೀಟರ್ ಮಳೆನೀರಿಗೆ ಅನ್ನಭೇದಿ 3 ಗ್ರಾಂ, ಮೊದಲೇ ನಿಂಬೆ ಉಪ್ಪು 1 ಗ್ರಾಂ ಕರಗಿಸಿರಬೇಕು. ಸಂಜೆ, ಎಲೆಯ ಅಡಿಗೂ ಸಿಂಪಡಿಸಿ, ಹತ್ತು ದಿನಕ್ಕೊಮ್ಮೆ ಮೂರು ಸಲ. ತಿಳಿಹಸಿರು ಹರಳು ಹೊಸದು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಕೊಳ್ಳಬೇಡಿ. ಗ್ರಾನೈಟ್ ಮೇಲೆ ಬಿದ್ದರೆ ಕಂದು ಕಲೆ ಹೋಗಲ್ಲ, ಕುಂಡ ಅಂಗಳದ ಮಣ್ಣಿಗೆ ಇಳಿಸಿ ಹೊಡೀರಿ. ಎರಡನೇದು ಚಿಲೇಟ್ ಕಬ್ಬಿಣ, ಅಂದರೆ ಮಣ್ಣಲ್ಲಿ ಕಟ್ಟಿಹೋಗದೆ ಬೇರಿಗೆ ಸಿಗೋ ಹಾಗೆ ಇನ್ನೊಂದು ವಸ್ತು ಹಿಡಿದಿಟ್ಟ ಕಬ್ಬಿಣ. ಪ್ಯಾಕೆಟ್ ಮೇಲೆ ಇಡಿಟಿಎ ಅಂತಿದ್ದರೆ ಪಿಎಚ್ 6.5 ದಾಟಿದ ಮಣ್ಣಲ್ಲಿ ಅದು ನಿಲ್ಲಲ್ಲ. ಇಡಿಡಿಎಚ್‌ಎ ಅಂತಿರೋದು ಬೇಕು, ಪುಡಿ ಕಡುಗೆಂಪು. 2 ಗ್ರಾಂ ಒಂದು ಲೀಟರ್‌ಗೆ ಕರಗಿಸಿ ಬುಡಕ್ಕೆ ಹಾಕಿ, ಎಲೆಗೆ ಬೇಡ. ಬೆಲೆ ಜಾಸ್ತಿ, ಆದರೆ ಎರಡು ಮೂರು ವಾರಕ್ಕೆ ಹೊಸ ಚಿಗುರು ಹಸಿರಾಗೇ ಬರುತ್ತೆ. ಹಳೇ ಹಳದಿ ಎಲೆ ಪೂರ್ತಿ ತಿರುಗುತ್ತೆ ಅಂತ ಕಾಯಬೇಡಿ.

ಎರಡು ಮುಳ್ಳಿನ, ಬ್ಯಾಟರಿ ಇಲ್ಲದ ಪಿಎಚ್ ಮೀಟರ್ ಬರ್ತಾವಲ್ಲ, ಅವು ತೋರಿಸೋದು ನಂಬಬೇಡಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತನ್ನಿ. ಒಣಮಣ್ಣು 20 ಗ್ರಾಂ, ನೀರು 50 ಮಿ.ಲೀ., ಅರ್ಧ ಗಂಟೆ ಆಗಾಗ ಕಲಕಿ, ತಿಳಿ ಬಿಟ್ಟ ಮೇಲೆ ಪಟ್ಟಿ ಅದ್ದಿ. ಸರಿಯಾಗಿ ತಿಳೀಬೇಕಂದರೆ ಹಾಸನದವರಿಗೆ ಕಂದಲಿಯಲ್ಲಿ, ನಮಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ವಿಚಾರಿಸಿ.

ಹೇಮಾವತಿ ದಂಡೆ, ಸಕಲೇಶಪುರ

ನೆಲದಲ್ಲಿ ಹಾಕೋರಿಗೆ ಒಂದೆರಡು ಮಾತು. ನಮ್ಮ ಕಡೆ ವರ್ಷಕ್ಕೆ 2,000 ಮಿ.ಮೀ. ಮೇಲೆ ಮಳೆ, ಗುಂಡಿ ತೆಗೆದು ನೆಟ್ಟರೆ ಅದು ಬಾವಿ. ಒಂದಡಿ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೇ ಸಲ ನಾಲ್ಕು ಗಂಟೆಯೊಳಗೆ ಇಂಗಿದರೆ ಅಲ್ಲೇ ನೆಡಬಹುದು. ಸಂಜೆವರೆಗೂ ನಿಂತರೆ ಗುಂಡಿ ಮುಚ್ಚಿ, ನೆಲದ ಮೇಲೇ ಒಂದಡಿ ಎತ್ತರ, ಮೂರಡಿ ಅಗಲದ ದಿಬ್ಬ ಮಾಡಿ ನೆಡಿ. ಬೇರು ಆಳಕ್ಕೆ ಹೋಗಲ್ಲ, ಮೇಲೇ ಹರಡುತ್ತೆ. ಹಾಗಾಗಿ ಬುಡದಲ್ಲಿ ಗುದ್ದಲಿ ಆಡಿಸಬಾರದು, ಕಳೆ ಕೈಯಲ್ಲೇ ಕೀಳಬೇಕು. ಒಣ ತರಗು ಮೂರಿಂಚು ಹಾಸಿ, ಕಾಂಡದಿಂದ ಒಂದು ಗೇಣು ದೂರ ಇರಲಿ.

ನೆಡೋ ಕಾಲ: ಬಯಲು ಕಡೆ ಜೂನ್ ಮೊದಲ ಮಳೆಗೆ. ನಮ್ಮಲ್ಲಿ ಮೇ ಮಧ್ಯಕ್ಕೆ ನೆಟ್ಟು ಜೋರು ಮಳೆಗೆ ಮುಂಚೆ ಬೇರು ಹಿಡಿಸಬೇಕು, ತಪ್ಪಿದರೆ ಸೆಪ್ಟೆಂಬರ್. ಜುಲೈನಲ್ಲಿ ಯಾರಾದರೂ ಗಿಡ ಕೊಟ್ಟರೆ ಜಗಲಿಯಲ್ಲಿಟ್ಟುಕೊಳ್ಳಿ. ಕಾಂಪೌಂಡ್ ಗೋಡೆಯಿಂದ ಮೂರಡಿ, ಸುಣ್ಣ ಬಳಿಯೋ ತುಳಸಿಕಟ್ಟೆಯಿಂದಲೂ ಅಷ್ಟೇ ದೂರ. ಹಬ್ಬಕ್ಕೆ ಸುಣ್ಣ ಬಳಿದು ಕಟ್ಟೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ ನೋಡ್ಕೊಳ್ಳಿ.

ಬುಡದಲ್ಲಿ ಕಾಂಡ ಊದಿಕೊಂಡು, ತೊಗಟೆ ಬಿರಿದು ಬಿರಡೆ ಥರ ಒರಟಾಗಿದ್ದರೆ ಅದು ಶಿಲೀಂಧ್ರದ ಹುಣ್ಣು. ಕುಡುಗೋಲು ತಾಗಿದ ಗಾಯದಿಂದ ಒಳಹೊಕ್ಕುತ್ತೆ. ಔಷಧಿ ಇಲ್ಲ. ಕೊಂಬೆಯಲ್ಲಿದ್ದರೆ ಹುಣ್ಣಿಂದ ಒಂದು ಗೇಣು ಕೆಳಗೆ ಕತ್ತರಿಸಿ ಸುಡಿ, ಬುಡದಲ್ಲಿದ್ದರೆ ಗಿಡವನ್ನೇ ತೆಗೀರಿ. ಅದರಿಂದ ಕಡ್ಡಿ ತೆಗೆದು ಹೊಸ ಗಿಡ ಮಾಡ್ತೀನಿ ಅನ್ನೋ ಆಸೆ ಬಿಡಿ, ರೋಗವೂ ಜೊತೆಗೇ ಬರುತ್ತೆ.

ಬಯಲುಸೀಮೆ ಹೂ, ಅರಸೀಕೆರೆ

ಎಲೆ ಮೇಲೆ ಮಸಿ ಬಳಿದ ಹಾಗೆ ಕಪ್ಪು, ಇರುವೆ ಸಾಲು. ಒರೆಸಿದರೆ ಹೋಗುತ್ತೆ, ಮತ್ತೆ ಬರುತ್ತೆ. ಇದಕ್ಕೇನು ಮಾಡ್ತೀರಿ ಗಿರಿಸಾಲು ಅಣ್ಣ?

ಗಿರಿಸಾಲು, ಮೂಡಿಗೆರೆ

ಮಸಿ ರೋಗವಲ್ಲ, ರೋಗದ ಗುರುತು. ಎಲೆ ತಿರುಗಿಸಿ ನಡುನರದ ಉದ್ದಕ್ಕೂ ನೋಡಿ. ಎಳ್ಳಿಗಿಂತ ಸ್ವಲ್ಪ ದೊಡ್ಡ, ಚಪ್ಪಟೆ, ತಿಳಿಹಸಿರು ಹುಪ್ಪಟೆ ಸಾಲಾಗಿ ಕೂತಿರುತ್ತೆ, ಮಧ್ಯದಲ್ಲಿ ಕಪ್ಪು ಸುಳಿ. ಅದೇ ಕಾಫಿಯ ಹಸಿರು ಶಲ್ಕ ಕೀಟ. ಅದು ಸುರಿಸೋ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ, ಆ ಸಿಹಿಗೆ ಇರುವೆ ಬರುತ್ತೆ, ಇರುವೆ ಕಾವಲಿದ್ದರೆ ಗುಲಗಂಜಿ ಹುಳದಂಥ ಮಿತ್ರಕೀಟ ಹತ್ತಿರ ಬರಲ್ಲ. ಹಾಗಾಗಿ ಮೊದಲು ಇರುವೆಯ ದಾರಿ ಕಡೀರಿ. ಗೋಡೆಗೆ, ಬೇರೆ ಗಿಡಕ್ಕೆ ತಾಗೋ ರೆಂಬೆ ಸವರಿ, ಕುಂಡವನ್ನ ನೀರಿರೋ ತಟ್ಟೆಯ ನಡುವೆ ಇಟ್ಟಿಗೆ ಮೇಲಿಡಿ.

ಬೇವಿನೆಣ್ಣೆ 5 ಮಿ.ಲೀ., ಪಾತ್ರೆ ತೊಳೆಯೋ ದ್ರವ ಸೋಪು 2 ಮಿ.ಲೀ., ಲೀಟರ್ ನೀರು. ಮೊದಲು ಎಣ್ಣೆ–ಸೋಪು ಕದಡಿ ಹಾಲಿನ ಥರ ಆದ ಮೇಲೆ ನೀರು ಸೇರಿಸಿ. ಬಿಸಿಲು ಇಳಿದ ಮೇಲೆ ಎಲೆಯ ಅಡಿ ತೊಯ್ಯೋ ಹಾಗೆ ಹೊಡೀರಿ. ಹತ್ತು ದಿನದ ಅಂತರದಲ್ಲಿ ಮೂರು ಸಲ, ಯಾಕಂದರೆ ತಾಯಿಯ ಹುಪ್ಪಟೆ ಅಡಿ ಇರೋ ಮರಿಗೆ ಮೊದಲ ಸಲ ತಾಗಲ್ಲ. ಅರಳಿದ ಹೂವಿಗೆ ಬೀಳದಂತೆ ನೋಡಿ, ಎಸಳು ಕಂದಾಗುತ್ತೆ. ಉಳಿದ ಮಸಿಗೆ ಮೈದಾ ಗಂಜಿ: ಲೀಟರ್‌ಗೆ 50 ಗ್ರಾಂ ಕುದಿಸಿ, ಆರಿಸಿ, ಸೋಸಿ, ಬಿಸಿಲಿರೋ ದಿನ ಹೊಡೀರಿ. ಒಣಗಿ ಹಪ್ಪಳೆ ಎದ್ದು ಮಸಿ ಸಮೇತ ಉದುರುತ್ತೆ. ಮೋಡ ಇದ್ದ ದಿನ ಹೊಡೆದರೆ ಗಂಜಿಯೇ ಬೂಷ್ಟು ಹಿಡಿಯುತ್ತೆ.

ಇನ್ನೊಂದು: ರಾತ್ರೋರಾತ್ರಿ ಚಿಗುರು ಮಾಯ, ಕೆಳಗೆ ಮೆಣಸಿನ ಕಾಳಿನಂಥ ಹಿಕ್ಕೆ ಅಂದರೆ ಬಾಲಕ್ಕೆ ಕೊಂಬಿರೋ ಹಸಿರು ಹುಳ. ಅದರ ಪತಂಗ ಹಗಲಲ್ಲೇ ಹಾರುತ್ತೆ, ರೆಕ್ಕೆ ಗಾಜಿನ ಥರ, ದುಂಬಿ ಅಂತಲೇ ಅನ್ಸುತ್ತೆ. ಕಾಫಿಗೂ ಬರುತ್ತೆ. ಒಂದು ಗಿಡಕ್ಕೆ ಇರೋದು ನಾಲ್ಕೈದು, ಕೈಯಲ್ಲಿ ಹೆಕ್ಕಿ. ಔಷಧಿ ದಂಡ.

ಅಂಗಳದ ಗಿಡ, ಹಾಸನ

ಗೊಬ್ಬರ ಮತ್ತೆ ಸವರೋದು?

ಕಸಿಕತ್ತಿ, ಬೇಲೂರು

ಗೊಬ್ಬರ: ಅಮೋನಿಯಂ ಸಲ್ಫೇಟ್ ಕುಂಡಕ್ಕೆ ಒಂದು ಚಮಚ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿನ ಅಂಚಿಗೆ. ಫೆಬ್ರವರಿಯಿಂದ ಸೆಪ್ಟೆಂಬರ್. ಮಲೆನಾಡಲ್ಲಿ ಜುಲೈ–ಆಗಸ್ಟ್ ಬಿಡಿ, ಹಾಕಿದ್ದೆಲ್ಲ ಹೊಳೆಗೆ. ನಡುವೆ ಹದಿನೈದು ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರೋ, ನೀರಲ್ಲಿ ಕರಗೋ ಗೊಬ್ಬರ) ಲೀಟರ್‌ಗೆ 2 ಗ್ರಾಂ. ಬೂದಿ, ಮೂಳೆಪುಡಿ, ಮೊಟ್ಟೆ ಸಿಪ್ಪೆ, ಕೋಳಿಗೊಬ್ಬರ ನಾಲ್ಕೂ ನಿಲ್ಲಿಸಿ, ಗುಲಾಬಿಗೆ ಹಾಕಿ.

ಸವರೋದು ಹೂ ಮುಗಿದ ಎರಡು ಮೂರು ವಾರದೊಳಗೆ, ಮಳೆ ಬಿಡುವಿದ್ದ ದಿನ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸಿ, ಕತ್ತರಿಸಿದ ಜಾಗಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರ್‌ಗೆ 3 ಗ್ರಾಂ ಸಿಂಪಡಿಸಿ. ದಸರಾಗೆ ಮನೆ ಚೊಕ್ಕ ಮಾಡ್ತಾ ಗಿಡವನ್ನೂ ಗುಂಡಗೆ ಕತ್ತರಿಸ್ತಾರಲ್ಲ, ಅದು ಬರೋ ವರ್ಷದ ಹೂ ಕತ್ತರಿಸಿದ ಹಾಗೆ. ಚಳಿ ರಾತ್ರಿಗೆ ಮೊಗ್ಗು ಕಟ್ಟೋದು ರೆಂಬೆಯ ತುದಿಯಲ್ಲಿ.

ಸವರಿದ ಕಡ್ಡಿ ಎಸೀಬೇಡಿ. ಪೂರ್ತಿ ಎಳಸಲ್ಲ, ಪೂರ್ತಿ ಬಲಿತದ್ದಲ್ಲ, ಬಗ್ಗಿಸಿದರೆ ಟಕ್ ಅನ್ನೋದು. ನಾಲ್ಕೈದು ಇಂಚು, ಗೆಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಅವನ್ನೂ ಅರ್ಧ ಮಾಡಿ. ಬೇರು ಬರಿಸೋ ಐಬಿಎ ಹಾರ್ಮೋನ್ ಪುಡಿಗೆ ಅದ್ದಿ, ನಾರಿನ ಪುಡಿ–ಮರಳು ಸಮಸಮ, ಮೇಲೆ ಪಾಲಿಥೀನ್ ಚೀಲ, ಬೆಳಕಿರೋ ನೆರಳು. ಜೂನ್–ಜುಲೈ ಹವೆಗೆ ಆರರಿಂದ ಎಂಟು ವಾರ. ಬೇರು ಬಂತಾ ಅಂತ ಎಳೆದು ನೋಡೋರಿಗೆ ಬರಲ್ಲ. ಬರೀ ನೀರಿನ ಬಾಟಲಿಯಲ್ಲೂ ಬೇರು ಬಿಡುತ್ತೆ, ಒಂದಿಂಚು ಆದ ಕೂಡಲೇ ಮಣ್ಣಿಗೆ ಹಾಕಬೇಕು, ಉದ್ದ ಬಿಟ್ಟರೆ ಮುರಿಯುತ್ತೆ.

ಹೇಮಾವತಿ ದಂಡೆ, ಸಕಲೇಶಪುರ

ಹೂ ಕೀಳೋದೂ ಹೇಳಿಬಿಡ್ತೀನಿ. ಎಸಳಿಗೆ ಬೆರಳು ತಾಗಿದ ಜಾಗ ಮಾರನೇ ದಿನ ಕಂದು. ತೊಟ್ಟು ಮಾತ್ರ ಹಿಡೀರಿ, ಸಂಜೆ ಅರ್ಧ ಬಿರಿದಿದ್ದನ್ನ ಕೀಳಿ, ಬಾಳೆ ಎಲೆಯಲ್ಲಿ ಸಡಿಲವಾಗಿ ಸುತ್ತಿ ತಂಪಲ್ಲಿಡಿ. ಗಿಡದಲ್ಲೇ ಬಿಟ್ಟರೆ ಎರಡು ಮೂರು ದಿನಕ್ಕೆ ಬೆಣ್ಣೆ ಬಣ್ಣಕ್ಕೆ ತಿರುಗುತ್ತೆ. ಅದು ವಯಸ್ಸು, ರೋಗ ಅಂದ್ಕೋಬೇಡಿ.

ಪಿಎಚ್ ಪಾಪಣ್ಣ, ಚಿಕ್ಕಮಗಳೂರು

ವಿಷಯಾಂತರ. ಗಾರ್ಡೇನಿಯಾ ಹೆಸರಿಗೂ ಗಾರ್ಡನ್‌ಗೂ ಸಂಬಂಧ ಇಲ್ಲ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಅನ್ನೋ ಡಾಕ್ಟರ ಹೆಸರು. 1761ರಲ್ಲಿ ಜಾನ್ ಎಲ್ಲಿಸ್ ಈ ಜಾತಿಯನ್ನ ವರ್ಣಿಸಿದ್ದು. ಗಿಡದ ತವರು ಚೀನಾ, ಜಪಾನ್ ಕಡೆ. ಅಲ್ಲಿ ಒಂಟಿ ಎಸಳಿನ ಜಾತಿಯ ಕಾಯಿಯಿಂದ ತಿಂಡಿಗೆ ಹಳದಿ ಬಣ್ಣ ತೆಗೀತಾರೆ, ಕೇಸರಿಯಲ್ಲಿರೋ ಬಣ್ಣವೇ ಅದು. ನಮ್ಮ ಕುರುಚಲು ಕಾಡಿನ ಬಿಕ್ಕೆ ಗಿಡವೂ ಇದರ ದಾಯಾದಿ.

ಅಂಗಳದ ಗಿಡ, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಕುಂಡ ಈ ಭಾನುವಾರ ಬದಲಿಸ್ತೀನಿ, ಬೂದಿ ಬಂದ್. ಗೋಡೆ ಪಕ್ಕದ್ದು ಮಳೆ ಶುರುವಾದ ಮೇಲೆ ಎತ್ತಿ ದಿಬ್ಬಕ್ಕೆ. ಕುಂಡದ ಗಿಡದಲ್ಲಿ ಇನ್ನೂ ಹದಿನೈದು ಮೊಗ್ಗಿದೆ, ಬದಲಿಸಿದರೆ ಉದುರುತ್ತಲ್ವಾ?

ಕಸಿಕತ್ತಿ, ಬೇಲೂರು

ಉದುರುತ್ತೆ. ಬೇರೆ ಗಿಡವಾಗಿದ್ದರೆ ಮಳೆಗಾಲದವರೆಗೆ ಕಾಯಿರಿ ಅಂತಿದ್ದೆ, ಸಿಮೆಂಟ್ ಕುಂಡ ಅಂತ ಕಾಯಬೇಡಿ ಅಂತಿದ್ದೀನಿ. ಬದಲಿಸೋ ದಿನವೇ ಬಟಾಣಿ ಗಾತ್ರದ್ದೆಲ್ಲ ಚಿವುಟಿ ಹಾಕಿ, ಗಿಡದ ಶಕ್ತಿ ಬೇರಿಗೆ ಹೋಗಲಿ. ಹದಿನೈದು ದಿನ ನೆರಳಲ್ಲಿಡಿ, ಗೊಬ್ಬರ ಒಂದು ತಿಂಗಳು ಬೇಡ. ಬಿಳಿ ಕಾಣಿಸಿರೋ ದೊಡ್ಡ ಮೊಗ್ಗು ಎರಡಿದ್ದರೆ ಬಿಡಿ, ಅಷ್ಟಕ್ಕೆ ಗಿಡ ಸಾಯಲ್ಲ.